ಚೌಪಾಟಿಯ ಮರಳು, ಗಾಮದೇವಿಯ ಮನೆಗಳು

ಊರಿನಿಂದ ಬಂದ ನೆಂಟರಿಗೆ ತೋರಿಸಲೇಬೇಕಾದ ಸ್ಥಳಗಳ ಪಟ್ಟಿಯೊಂದು ಮುಂಬಯಿಯ ಪ್ರತಿಯೊಂದು ಕನ್ನಡಿಗರ ಮನೆಯಲ್ಲೂ ಸಿದ್ಧವಾಗಿರುತ್ತದೆ. ಗೇಟ್‌ವೇ, ರಾಣಿಬಾಗ್, ಮಹಾಲಕ್ಷ್ಮಿಯ ಗುಡಿ, ಹ್ಯಾಂಗಿಂಗ್ ಗಾರ್ಡನ್. ಕೊನೆಗೆ ಎಲ್ಲರ ಕಾಲೂ ಸೋತಾಗ ಚೌಪಾಟಿ. ಅಲ್ಲಿ ದೊಡ್ಡವರಿಗೆ ಒಂದೊಂದು ಪ್ಲೇಟು ಭೇಲ್‌ಪುರಿ, ಮಕ್ಕಳಿಗೆ ಕುಲ್ಫಿ. ಸೂರ್ಯ ಮುಳುಗಿದನೆಂದರೆ ಕಲ್ಯಾಣದ ಗಾಡಿ ಹಿಡಿಯುವ ಅವಸರ. ಹೀಗೆ ಹತ್ತು ಹದಿನೈದು ಸಲವಾದರೂ ನಾವು ನೆಂಟರನ್ನು ಅಲ್ಲಿಗೆ ಕರೆದೊಯ್ದಿದ್ದೇವೆ. ಆದರೆ ನಾವು ಚೌಪಾಟಿಯನ್ನು ನೋಡಿದ್ದೇವೆಯೇ ಎಂದು ಯಾರಾದರೂ ಕೇಳಿದ್ದರೆ ಉತ್ತರ ಹೇಳಲು ತಡವರಿಸಬೇಕಾಗುತ್ತಿತ್ತು.

ಕಳೆದ ಚಳಿಗಾಲದ ಒಂದು ಭಾನುವಾರ ಈ ಪ್ರಶ್ನೆ ನಿಜವಾಗಿಯೇ ಎದುರಾಯಿತು. ಅಂದು ನೆಂಟರಿರಲಿಲ್ಲ. ಡೊಂಬಿವಲಿಯ ನಮ್ಮ ಮನೆ, ಥಾಣೆಯದೊಂದು, ನವಿ ಮುಂಬಯಿಯ ಐರೋಲಿಯದೊಂದು, ಕಲ್ಯಾಣದ ಹಿರಿಯ ದಂಪತಿಗಳು, ಹೀಗೆ ನಾಲ್ಕು ಮನೆಯವರು ಕೂಡಿ ಹೊರಟಿದ್ದೆವು. ದಾದರಿನಲ್ಲಿ ಗಾಡಿ ಬದಲಿಸಿ, ಸೇತುವೆಯ ಮೇಲಿನ ಜನಸಾಗರದಲ್ಲಿ ಮಕ್ಕಳ ಕೈ ಬಿಡದೆ ದಾಟಿ, ಪಶ್ಚಿಮ ರೈಲ್ವೆಯ ನಿಧಾನ ಗಾಡಿಯಲ್ಲಿ ಚರ್ನಿರೋಡಿಗೆ ಬಂದಿಳಿದೆವು. ಮರಳಿನ ಮೇಲೆ ಚಾಪೆ ಹಾಸಿ ಕುಳಿತು ಮನೆಯಿಂದ ತಂದಿದ್ದ ಚಕ್ಕುಲಿಯ ಡಬ್ಬ ಬಿಚ್ಚಿದಾಗ, ಒಂಬತ್ತನೆಯ ತರಗತಿಯಲ್ಲಿ ಓದುವ ನಮ್ಮ ಮನೆಯ ಹುಡುಗಿ ತಿಲಕರ ಪ್ರತಿಮೆಯನ್ನೇ ನೋಡುತ್ತಿದ್ದವಳು ತಟ್ಟನೆ ಕೇಳಿದಳು: "ಅಪ್ಪಾ, ಇಲ್ಲಿ ಎಲ್ಲರದ್ದೂ ಏನಾದರೂ ಇದೆ. ನಮ್ಮದೇನಿದೆ? ನಾವು ಬರೀ ನೋಡೋಕೆ ಬಂದವರಾ?"

ಚಕ್ಕುಲಿ ಕೈಯಲ್ಲೇ ಉಳಿಯಿತು. ಇಪ್ಪತ್ತು ವರ್ಷಗಳಿಂದ ಈ ಮಹಾನಗರದ ಅನ್ನ ಉಣ್ಣುತ್ತಿರುವ ನಮಗೆ ಆ ಪ್ರಶ್ನೆ ಹೊಸದಲ್ಲ. ಬಾಯಿಬಿಟ್ಟು ಕೇಳಿಕೊಂಡಿರಲಿಲ್ಲ, ಅಷ್ಟೆ. "ಇದೆ, ನಮ್ಮದೂ ಬೇಕಾದಷ್ಟಿದೆ" ಎಂದು ಹೇಳಿ ಬಾಯಿ ಮುಚ್ಚಿಸಬಹುದಾಗಿತ್ತು. ಆದರೆ ಕಚೇರಿಯಲ್ಲಿ ಕಡತಗಳ ನಡುವೆಯೇ ಬೆಳೆದ ನಮಗೆ ತಾರೀಖಿಲ್ಲದ ಮಾತು ರುಚಿಸುವುದಿಲ್ಲ. ಆದ್ದರಿಂದ ಆ ದಿನ ಆ ಸುತ್ತಲಿನ ಬೀದಿಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿದೆವು. ಅನಂತರದ ಕೆಲವು ತಿಂಗಳು ವಾಚನಾಲಯದಲ್ಲಿ ಕುಳಿತೆವು. ಆ ಹುಡುಗಿಗೆ ಕೊಡಬೇಕಾಗಿದ್ದ ಉತ್ತರವೇ ಈ ಲೇಖನ.

ಹೆಸರುಗಳ ಕತೆ

ಮೊದಲು ಹೆಸರಿನಿಂದಲೇ ಪ್ರಾರಂಭಿಸೋಣ. 'ಚೌಪಾಟಿ' ಎಂದರೆ ನಾಲ್ಕು ಕಾಲುವೆ ಎಂದು ಮುಂಬಯಿಯ ಹಳೆಯ ಸ್ಥಳನಾಮ ವಿದ್ವಾಂಸರು ಅರ್ಥ ಹೇಳಿದ್ದಾರೆ. ಸಮುದ್ರದ ನೀರು ನಾಲ್ಕು ಕವಲಾಗಿ ಒಳಗೆ ಬರುತ್ತಿದ್ದ ಜಾಗ ಅದು; ಪಾಲಘರ್ ಕಡೆಯ ಸಾತ್‌ಪಾಟಿ ಎಂಬ ಮೀನುಗಾರರ ಊರಿನ ಹೆಸರೂ ಇದೇ ಜಾತಿಯದು. ಎದುರಿಗಿರುವ ಮಲಬಾರ್ ಹಿಲ್ ಎಂಬ ಗಿರಿಯ ಬುಡದ ಗ್ರಾಮವೇ ಗಿರ್ಗಾಂವ್. ಆ ಊರಿನ ಗ್ರಾಮದೇವತೆಯ ಗುಡಿ ಇದ್ದ ಜಾಗ ಗಾಮದೇವಿ. ಗವಳಿಗರು ದನಗಳ ಮೈ ತೊಳೆಯುತ್ತಿದ್ದ ಕೆರೆ ಗೋವಾಲಿಯಾ ಟ್ಯಾಂಕ್. ಕೆರೆ ಹೋಗಿ ಮೈದಾನವಾಯಿತು. ಅದೇ ಮೈದಾನದಲ್ಲಿ 1942ರ ಆಗಸ್ಟ್ 8ರಂದು 'ಭಾರತ ಬಿಟ್ಟು ತೊಲಗಿ' ಠರಾವು ಘೋಷಣೆಯಾಯಿತು. ಇಂದು ಎತ್ತರದ ಕಟ್ಟಡಗಳ ಮಧ್ಯೆ ನಿಂತು ನೋಡಿದರೆ ನಂಬುವುದು ಕಷ್ಟ. ಆದರೆ ಇದು ಒಂದು ಕಾಲಕ್ಕೆ ನಮ್ಮ ಊರುಗಳಂತೆಯೇ ದನ, ಕೆರೆ, ಗ್ರಾಮದೇವತೆ ಎಲ್ಲವೂ ಇದ್ದ ಹಳ್ಳಿಯಾಗಿತ್ತು.

ಚರ್ನಿರೋಡಿನ ಹೆಸರಿಗೆ ಎರಡು ಕತೆಗಳಿವೆ. ಮೊದಲನೆಯದು ಬಹಳ ಜನ ಬಲ್ಲದ್ದು. 1838ರಲ್ಲಿ ಆಂಗ್ಲ ಸರಕಾರ ಮೈದಾನದಲ್ಲಿ ದನ ಮೇಯಿಸುವುದಕ್ಕೆ ಶುಲ್ಕ ಹಾಕಿತು. ಬಡವರ ದನಗಳಿಗೆ ಮೇವಿಲ್ಲದಂತಾದಾಗ ಸರ್ ಜಮಶೇಟ್‌ಜಿ ಜೀಜೀಭಾಯ್ ಎಂಬ ಪಾರ್ಸಿ ದಾನಿ ಠಾಕುರದ್ವಾರದ ಬಳಿ 20,000 ರೂಪಾಯಿ ಕೊಟ್ಟು ಹುಲ್ಲುಗಾವಲು ಕೊಂಡು ದನಗಳಿಗೆ ಬಿಟ್ಟುಕೊಟ್ಟರು. ಮೇಯುವುದಕ್ಕೆ ಮರಾಠಿಯಲ್ಲಿ 'ಚರಣೆ' ಎನ್ನುತ್ತಾರೆ, ಅದರಿಂದ ಚರ್ನಿ. ಎರಡನೆಯ ಕತೆ ನಮ್ಮ ಥಾಣೆಯ ವಾಚಕರಿಗೆ ಹೆಚ್ಚು ಸಂತೋಷ ಕೊಡಬಹುದು. ಥಾಣೆ ನಿಲ್ದಾಣದ ಪಕ್ಕದ ಚೇಂದಣಿಯಿಂದ ಬಂದ ಜನ ಗಿರ್ಗಾಂವ್‌ನಲ್ಲಿ ನೆಲೆ ನಿಂತರು. ತಾವಿದ್ದ ಕೇರಿಗೆ ತಮ್ಮ ಊರಿನ ಹೆಸರನ್ನೇ ಇಟ್ಟರು. ಅದೇ ಸವೆದು ಚರ್ನಿಯಾಯಿತು ಎನ್ನುತ್ತಾರೆ. ಎರಡರಲ್ಲಿ ಯಾವುದು ಸರಿಯೋ ತೀರ್ಪು ಕೊಡುವ ಅಧಿಕಾರ ನಮಗಿಲ್ಲ. ಆದರೆ ಊರು ಬಿಟ್ಟು ಬಂದವರು ಊರಿನ ಹೆಸರನ್ನು ಗಂಟುಕಟ್ಟಿ ತರುತ್ತಾರೆ ಎಂಬ ಮಾತು ಮಾತ್ರ ನಮಗೆ ತಟ್ಟನೆ ನಿಜವೆನಿಸಿತು. ನಮ್ಮ ಸೊಸೈಟಿಯ ಬಾಗಿಲುಗಳ ಮೇಲಿನ ಹೆಸರು ಫಲಕಗಳನ್ನು ನೋಡಿದರೆ ಸಾಕಲ್ಲವೇ?

ಸಮುದ್ರವಾಗಿದ್ದ ನೆಲ

ನಾವು ಇಳಿದ ರೈಲ್ವೆ ದಾರಿಯೇ ಒಂದು ಸೋಜಿಗ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುವುದು ನಿಂತು, ನಮ್ಮ ಧಾರವಾಡ ಸೀಮೆಯದೂ ಸೇರಿ ಹಿಂದೂಸ್ಥಾನದ ಹತ್ತಿಗೆ ಚಿನ್ನದ ಬೆಲೆ ಬಂತು. ಮುಂಬಯಿಗೆ ಹಣದ ಹೊಳೆಯೇ ಹರಿಯಿತು. ಆ ಹಣ ಕೂಡುವ ಜಾಗವಿಲ್ಲದೆ ಕಂಪನಿಗಳಾಗಿ ಹುಟ್ಟಿತು. ಅವುಗಳಲ್ಲೊಂದು ಬ್ಯಾಕ್‌ಬೇ ಎಂಬ ಈ ಕೊಲ್ಲಿಯನ್ನು ತುಂಬಿ ನೆಲ ಮಾಡಲು ಹೊರಟ ಕಂಪನಿ. ಅದರ ಶೇರುಗಳಿಗೆ ಮುಖಬೆಲೆಯ ಹಲವು ಪಟ್ಟು ಕೊಟ್ಟು ಜನ ಮುಗಿಬಿದ್ದರು. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಕುಸಿಯಿತು, ಕಂಪನಿಗಳು ಇಸ್ಪೀಟಿನ ಮನೆಯಂತೆ ಬಿದ್ದವು. ತುಂಬಿದ್ದ ಅಷ್ಟಿಷ್ಟು ನೆಲ ಉಳಿಯಿತು. ಅದರ ಮೇಲೆ ರೈಲಿನ ಹಳಿ ಬಂತು.

ಮುಂದೆ 1915ರಿಂದ ಮತ್ತೆ ಸಮುದ್ರವನ್ನು ಹಿಂದೆ ಸರಿಸುವ ಕೆಲಸ ನಡೆಯಿತು. 1920ರ ದಶಕದಲ್ಲಿ ಅದರಲ್ಲಿ ಆದ ದುಂದುವೆಚ್ಚವನ್ನು ಕೆ. ಎಫ್. ನಾರಿಮನ್ ಬಯಲಿಗೆಳೆದು, ಮಾನನಷ್ಟದ ಮೊಕದ್ದಮೆಯನ್ನೂ ಎದುರಿಸಿ ಗೆದ್ದರು. ಇಂದಿನ ಮರೀನ್ ಡ್ರೈವಿನ ಕಮಾನು ರಸ್ತೆಯೂ, ಅದರ ಬದಿಗೆ 1930 ಮತ್ತು 1940ರ ದಶಕಗಳಲ್ಲಿ ಎದ್ದ ಕಟ್ಟಡಗಳೂ ಆ ನೆಲದ ಮೇಲಿನವು. ಅವುಗಳಿಗೆ 2018ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಮನ್ನಣೆಯೂ ಸಿಕ್ಕಿತು. 1960ರ ದಶಕದಲ್ಲಿ ಇನ್ನೂ ತುಂಬುತ್ತ ದಕ್ಷಿಣಕ್ಕೇ ನಗರವನ್ನು ಒತ್ತುವುದು ಬೇಡ, ಖಾರಿಯನ್ನು ದಾಟಿ ಪೂರ್ವಕ್ಕೆ ಹೋಗೋಣ ಎಂದು ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹತಾ, ಶಿರೀಷ್ ಪಟೇಲ್ ಎಂಬ ಮೂವರು ವಾದಿಸಿದರು. ಆ ವಾದದ ಫಲವಾಗಿ 1970ರಲ್ಲಿ ಸಿಡ್ಕೋ ಹುಟ್ಟಿತು, ನವಿ ಮುಂಬಯಿ ಹುಟ್ಟಿತು. ಐರೋಲಿಯ ಮಿತ್ರರು ಇದನ್ನು ಕೇಳಿ, "ಹಾಗಾದರೆ ನಮ್ಮ ಮನೆಗೂ ಈ ಸಮುದ್ರಕ್ಕೂ ಸಂಬಂಧ ಉಂಟೆನ್ನಿ" ಎಂದು ನಕ್ಕರು. ಉಂಟು. ಇಲ್ಲಿ ಸಮುದ್ರವನ್ನು ತುಂಬಿದ್ದು ಸಾಕೆನಿಸಿದ್ದರಿಂದಲೇ ಅಲ್ಲಿ ನಗರವಾಯಿತು.

ಸ್ವರಾಜ್ಯದ ಮರಳು

ಈ ಮರಳಿಗೆ ಭೇಲ್‌ಪುರಿಯ ಖ್ಯಾತಿ ಬರುವ ಮೊದಲು ಸಭೆಗಳ ಖ್ಯಾತಿ ಇತ್ತು. 1919ರ ಏಪ್ರಿಲ್ 6, ರೌಲೆಟ್ ಕಾಯಿದೆಯ ವಿರುದ್ಧ ದೇಶವೆಲ್ಲ ಹರತಾಳ ಮಾಡಿದ ದಿನ. ಅಂದು ಬೆಳಗ್ಗೆ ಸಾವಿರಾರು ಜನ ಚೌಪಾಟಿಗೆ ಬಂದು ಸಮುದ್ರಸ್ನಾನ ಮಾಡಿ ಗಾಂಧೀಜಿಯವರೊಡನೆ ಠಾಕುರದ್ವಾರದ ಕಡೆಗೆ ಮೆರವಣಿಗೆಯಲ್ಲಿ ನಡೆದರು. ದಾರಿಯಲ್ಲಿ ಮುಸಲ್ಮಾನ ಬಂಧುಗಳು ಅವರನ್ನು ಮಸೀದಿಗೆ ಕರೆದೊಯ್ದರು. ಅಲ್ಲಿ ಗಾಂಧೀಜಿ ಮತ್ತು ಸರೋಜಿನಿ ನಾಯ್ಡು ಮಾತನಾಡಿದರು. ಸಂಜೆ 'ಹಿಂದ್ ಸ್ವರಾಜ್', 'ಸರ್ವೋದಯ' ಎಂಬ ನಿಷೇಧಿತ ಪುಸ್ತಕಗಳನ್ನು ಬೀದಿಯಲ್ಲಿ ಮಾರಿದರು. ನಾಲ್ಕಾಣೆ ಬೆಲೆಯ ಪುಸ್ತಕಕ್ಕೆ ಒಬ್ಬರು ಐವತ್ತು ರೂಪಾಯಿ ಕೊಟ್ಟರಂತೆ. ಗಾಂಧೀಜಿ 1917ರಿಂದ 1934ರವರೆಗೆ ಮುಂಬಯಿಗೆ ಬಂದಾಗಲೆಲ್ಲ ಇಳಿದುಕೊಳ್ಳುತ್ತಿದ್ದ ಮಣಿಭವನ ಇಲ್ಲಿಂದ ಹತ್ತು ನಿಮಿಷದ ದಾರಿ. 1932ರ ಜನವರಿ 4ರಂದು ಅದರ ಮಾಳಿಗೆಯ ಮೇಲಿನ ಡೇರೆಯಿಂದಲೇ ಅವರನ್ನು ಬಂಧಿಸಿದ್ದು.

1920ರ ಆಗಸ್ಟ್ 1ರಂದು ಕ್ರಾಫರ್ಡ್ ಮಾರ್ಕೆಟ್ ಬಳಿಯ ಸರದಾರ ಗೃಹದಲ್ಲಿ ಲೋಕಮಾನ್ಯ ತಿಲಕರು ತೀರಿಕೊಂಡರು. ಅಸಹಕಾರ ಚಳವಳಿ ಪ್ರಾರಂಭವಾಗಬೇಕಾಗಿದ್ದ ದಿನವೂ ಅದೇ. ಸುರಿಯುವ ಮಳೆಯಲ್ಲಿ ಲಕ್ಷಾಂತರ ಜನ ಹಿಂಬಾಲಿಸಿದರು. ಹೆಗಲು ಕೊಟ್ಟವರಲ್ಲಿ ಗಾಂಧೀಜಿಯೂ ಒಬ್ಬರು. ಸ್ಮಶಾನವಲ್ಲದ ಈ ಮರಳಿನಲ್ಲಿ, ಸರಕಾರದಿಂದ ವಿಶೇಷ ಅನುಮತಿ ಪಡೆದು, ಅವರ ದಹನ ನಡೆಯಿತು. ಅಂದಿನ ಭಾವಚಿತ್ರದಲ್ಲಿ ಲೋಕಮಾನ್ಯರು ಪದ್ಮಾಸನದಲ್ಲಿ ಕುಳಿತಂತಿದ್ದಾರೆ. ಹುಡುಗಿ ನೋಡುತ್ತಿದ್ದ ಪ್ರತಿಮೆ ಆ ನೆನಪಿನದು. ಈ ಜಾಗಕ್ಕೆ ಸ್ವರಾಜ್ಯ ಭೂಮಿ ಎಂಬ ಹೆಸರೂ ಇದೆ. ತಿಲಕರು ಮರಾಠಿಗರ ಆರಾಧ್ಯರು, ನಿಜ. ಆದರೆ ಅವರ ಹೋಮ್ ರೂಲ್ ಲೀಗ್ ಸ್ಥಾಪನೆಯಾದದ್ದು 1916ರ ಏಪ್ರಿಲ್‌ನಲ್ಲಿ ಬೆಳಗಾವಿಯಲ್ಲಿ. 'ಕರ್ನಾಟಕದ ಸಿಂಹ' ಎನಿಸಿದ ಗಂಗಾಧರರಾವ್ ದೇಶಪಾಂಡೆ ಅವರ ಬಲಗೈಯಾಗಿದ್ದರು.

ಇನ್ನು ಹತ್ತು ವರ್ಷ ಮುಂದಕ್ಕೆ ಬಂದರೆ ಈ ಮರಳಿನ ಮೇಲೆ ನಮ್ಮ ಮಂಗಳೂರಿನ ಹೆಣ್ಣುಮಗಳೊಬ್ಬಳು ಒಲೆ ಹೂಡಿ ಕುಳಿತಿರುವುದು ಕಾಣುತ್ತದೆ. ಆಕೆ ಕಮಲಾದೇವಿ ಚಟ್ಟೋಪಾಧ್ಯಾಯ. 1903ರ ಏಪ್ರಿಲ್ 3ರಂದು ಮಂಗಳೂರಿನ ಸಾರಸ್ವತ ಮನೆತನದಲ್ಲಿ ಹುಟ್ಟಿದವರು. 1930ರಲ್ಲಿ ದಾಂಡಿಯ ಉಪ್ಪಿನ ಸತ್ಯಾಗ್ರಹಕ್ಕೆ ಹೆಂಗಸರನ್ನು ಸೇರಿಸಿಕೊಳ್ಳಲು ಗಾಂಧೀಜಿ ಮೊದಲು ಹಿಂಜರಿದಾಗ, ಹೋಗಿ ವಾದಿಸಿ ಒಪ್ಪಿಸಿದವರಲ್ಲಿ ಕಮಲಾದೇವಿ ಪ್ರಮುಖರು. ಆ ಏಪ್ರಿಲ್‌ನಲ್ಲಿ ಅವಂತಿಕಾಬಾಯಿ ಗೋಖಲೆಯವರೊಡನೆ ಚೌಪಾಟಿಯಲ್ಲಿ ಸಮುದ್ರದ ನೀರು ಕಾಯಿಸಿ ಉಪ್ಪು ಮಾಡಿ ಕಾನೂನು ಮುರಿದರು. ಪೊಟ್ಟಣ ಕಟ್ಟಿದ ಆ ಉಪ್ಪನ್ನು ಶೇರು ಪೇಟೆಯ ಒಳಗೂ ಹೋಗಿ ಮಾರಿದರು, ಸೆರೆಮನೆಗೂ ಹೋದರು.

ವಿಜ್ಞಾನ ಓದಿದ ಹಳೆಯ ಚಾಳಿ ಬಿಡದೆ ನಾವು ಮಕ್ಕಳಿಗೆ ಲೆಕ್ಕ ಹೇಳಿದೆವು. ಒಂದು ಲೀಟರು ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಎಲ್ಲವೂ ಅಡುಗೆಯ ಉಪ್ಪಲ್ಲ; ಮೆಗ್ನೀಸಿಯಮ್ಮಿನ ಲವಣಗಳೂ ಸೇರಿರುವುದರಿಂದ ಕಹಿ, ತೇವ. ಒಂದು ಕಿಲೋ ಉಪ್ಪು ಬೇಕೆಂದರೆ ಮೂವತ್ತು ಲೀಟರಿಗೂ ಹೆಚ್ಚು ನೀರನ್ನು ಕುದಿಸಿ ಆರಿಸಬೇಕು. ಆಗ ಉಪ್ಪಿನ ತೆರಿಗೆ ಮಣಕ್ಕೆ ಒಂದು ರೂಪಾಯಿ ನಾಲ್ಕಾಣೆ. ಮಣವೆಂದರೆ ಸುಮಾರು 37 ಕಿಲೋ. ಅಂದರೆ ಕಿಲೋವಿಗೆ ಅರ್ಧ ಆಣೆಯ ಮೇಲೆ ಸ್ವಲ್ಪ. ಅದನ್ನು ಉಳಿಸುವುದಕ್ಕೆ ಅದಕ್ಕಿಂತ ಹೆಚ್ಚಿನ ಸೌದೆ ಸುಡಬೇಕು! ಲಾಭನಷ್ಟದ ಲೆಕ್ಕದಲ್ಲಿ ಇದು ಶುದ್ಧ ಹುಚ್ಚು. ಆದರೆ ಸಮುದ್ರ ಯಾರದ್ದು ಎಂಬ ಪ್ರಶ್ನೆಗೆ ಆ ಪಾತ್ರೆಯ ತಳದಲ್ಲಿ ಉಳಿದ ಹಿಡಿ ಕಹಿ ಉಪ್ಪೇ ಉತ್ತರ. ಅದೇ ತಿಂಗಳ 13ರಂದು ಉತ್ತರ ಕನ್ನಡದ ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಕರ್ನಾಟಕದ ಉಪ್ಪಿನ ಸತ್ಯಾಗ್ರಹ ಪ್ರಾರಂಭವಾಯಿತು. ಒಂದೇ ಅರಬ್ಬೀ ಸಮುದ್ರದ ನೀರು ಎರಡೂ ಕಡೆ ಒಂದೇ ತಿಂಗಳಲ್ಲಿ ಕುದಿಯಿತು.

ಗಾಮದೇವಿಯ ಮನೆಗಳು

ಸಂಜೆಯ ಬಿಸಿಲು ಇಳಿಯುವ ಮೊದಲು ಗಾಮದೇವಿಯ ಕಡೆಗೆ ನಡೆದೆವು. ನಮ್ಮ ಮಟ್ಟಿಗೆ ಈ ಪ್ರವಾಸದ ಮುಖ್ಯ ಘಟ್ಟ ಇದೇ ಆಯಿತು.

1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಗಾಳಿ ಬೆಳಕಿಲ್ಲದ ಚಾಳುಗಳಲ್ಲಿ ಜನ ಹುಳಗಳಂತೆ ಸತ್ತರು. ನಗರವನ್ನು ಸುಧಾರಿಸಲೆಂದು 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪನೆಯಾಯಿತು. ಅದು ಅಗಲ ರಸ್ತೆ ಹಾಕಿ ಹೊಸ ಬಡಾವಣೆ ಮಾಡಿದ ಸ್ಥಳಗಳಲ್ಲಿ ಗಾಮದೇವಿಯೂ ಒಂದು. ಆದರೆ ಹೊಸ ಮನೆ ಕಟ್ಟಿಸುವ ಶಕ್ತಿ ಶ್ರೀಮಂತರಿಗೆ. ತಿಂಗಳ ಸಂಬಳದ ಗುಮಾಸ್ತ, ಉಪಾಧ್ಯಾಯ, ಅವರಿಗೆ ಬಾಡಿಗೆಯ ಖೋಲಿಯೇ ಗತಿ.

ಇಲ್ಲಿ ಶ್ರೀಪಾದ ಸುಬ್ರಾವ್ ತಲ್ಮಕಿ ಎಂಬುವರ ಹೆಸರು ಬರುತ್ತದೆ. ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಲಾಯಿತು. ಅಲ್ಲಿಂದ ಮುಂದೆ ಹೊನ್ನಾವರ, ಕುಮಟೆ, ಕಾರವಾರದ ಹುಡುಗರಿಗೆ ಓದಿಗೂ ನೌಕರಿಗೂ ಮುಂಬಯಿಯೇ ರಾಜಧಾನಿ. ಹಾಗೆ ಬಂದವರಲ್ಲಿ ಶಿರಾಲಿಯ ಚಿತ್ರಾಪುರ ಮಠದ ಶಿಷ್ಯವರ್ಗದ ಸಾರಸ್ವತರು ಅನೇಕರು. ಅವರ ಕಷ್ಟ ಕಂಡ ತಲ್ಮಕಿಯವರು 1906ರಲ್ಲಿ ತಮ್ಮ ಗುರುಗಳಾದ ಶಾಮರಾವ್ ವಿಠಲ ಕೈಕಿಣಿಯವರ ಹೆಸರಿನಲ್ಲಿ ಸಹಕಾರಿ ಬ್ಯಾಂಕೊಂದನ್ನು ಪ್ರಾರಂಭಿಸಿದರು. ಶಾಮರಾವ್ ವಿಠಲ ಬ್ಯಾಂಕ್ ಎಂದು ನಾವೆಲ್ಲ ಬಲ್ಲ ಬ್ಯಾಂಕೇ ಅದು. 1915ರಲ್ಲಿ ಅವರು ಇಲ್ಲಿ, ಗಾಮದೇವಿಯಲ್ಲಿ, ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘವನ್ನು ಕಟ್ಟಿದರು. ಮನೆ ಯಾರೊಬ್ಬರದ್ದೂ ಅಲ್ಲ, ಸಂಘದ್ದು. ಸದಸ್ಯನು ಶೇರು ಕೊಂಡು, ಕಂತು ಕಟ್ಟಿ, ತನ್ನ ಬಿಡಾರದಲ್ಲಿ ಇರುತ್ತಾನೆ. ಲೆಕ್ಕಪತ್ರ ಎಲ್ಲರ ಮುಂದೆ ಬರಬೇಕು, ಒಬ್ಬನಿಗೆ ಒಂದೇ ಮತ. ಇಂದು ಡೊಂಬಿವಲಿಯಿಂದ ಬದಲಾಪುರದವರೆಗೆ, ವಾಶಿಯಿಂದ ಪನವೇಲಿನವರೆಗೆ ನಾವೆಲ್ಲ 'ಸೊಸೈಟಿ' ಎಂದು ಕರೆಯುವ, ನೀರಿನ ಟ್ಯಾಂಕಿಗಾಗಿ ಪ್ರತಿ ಮಹಾಸಭೆಯಲ್ಲೂ ಜಗಳವಾಡುವ ವ್ಯವಸ್ಥೆಯ ಬೇರು ಇಲ್ಲಿದೆ.

ಇದನ್ನು ಏಷ್ಯಾ ಖಂಡದಲ್ಲೇ ಮೊದಲನೆಯದು ಎಂದು ಹೇಳುವುದುಂಟು. ಅಭಿಮಾನದಿಂದ ನಾವೂ ಹಾಗೆಯೇ ಬರೆಯಬಹುದಾಗಿತ್ತು. ಆದರೆ ಬೆಂಗಳೂರಿನಲ್ಲಿ 1909ರಲ್ಲಿಯೇ ಗೃಹನಿರ್ಮಾಣ ಸಹಕಾರಿ ಸಂಘವೊಂದು ಹುಟ್ಟಿತ್ತು. ಆದ್ದರಿಂದ ಮುಂಬಯಿಯಲ್ಲಿ ಮೊದಲನೆಯದು ಎಂದರೆ ಸಾಕು. ಅದೇನು ಸಣ್ಣ ಮಾತಲ್ಲ. ಇದಕ್ಕೂ ಮೊದಲು, 1905ರಲ್ಲಿ, ಆಗ ಇದೇ ಪ್ರಾಂತ್ಯಕ್ಕೆ ಸೇರಿದ್ದ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸಹಕಾರಿ ಸಂಘವನ್ನು ಪ್ರಾರಂಭಿಸಿದ್ದರು. ಸಹಕಾರಿ ಕಾಯಿದೆ ಬಂದದ್ದು 1904ರಲ್ಲಿ. ಬಯಲುಸೀಮೆಯ ಗೌಡರೊಬ್ಬರು ಬೀಜಗೊಬ್ಬರಕ್ಕೆ, ಕರಾವಳಿಯ ವಿದ್ಯಾವಂತರೊಬ್ಬರು ಗುಮಾಸ್ತನ ಮನೆಗೆ ಅದನ್ನು ಉಪಯೋಗಿಸಿದರು. ಹತ್ತೇ ವರ್ಷಗಳೊಳಗೆ ಕನ್ನಡ ನೆಲದವರಿಂದ ಇವೆರಡೂ ಆದವೆಂಬುದನ್ನು ನಮ್ಮ ಮಕ್ಕಳ ಪಾಠಪುಸ್ತಕ ಹೇಳದಿದ್ದರೆ ನಾವಾದರೂ ಹೇಳಬೇಡವೇ?

ಇಲ್ಲಿ ಒಂದು ಮಾತು ಏಳುತ್ತದೆ. ಅಂದು ನಮ್ಮಲ್ಲೇ ಎದ್ದಿತು. ಥಾಣೆಯ ಗೆಳೆಯರು ಕೇಳಿದರು: "ತಲ್ಮಕಿಯವರ ಮನೆಮಾತು ಕೊಂಕಣಿ. ಕಮಲಾದೇವಿಯವರದ್ದೂ ಕೊಂಕಣಿ. ಅವರನ್ನು ಕನ್ನಡಿಗರೆಂದು ಎಳೆದುಕೊಳ್ಳುವುದು ನ್ಯಾಯವೇ?" ಪ್ರಶ್ನೆ ಸರಿಯಾದದ್ದೇ. ನಾವು ಸ್ವಲ್ಪ ಹೊತ್ತು ಸುಮ್ಮನೆ ನಡೆದೆವು. ನಮ್ಮ ಗುಂಪಿನಲ್ಲೇ ಒಬ್ಬರ ಮನೆಮಾತು ತುಳು, ಒಬ್ಬರದು ಹವ್ಯಕ ಕನ್ನಡ, ಇನ್ನೊಬ್ಬರ ಹೆಂಡತಿ ಮಾತನಾಡುವುದು ಕೊಂಕಣಿ, ಮಕ್ಕಳು ತಮ್ಮತಮ್ಮೊಳಗೆ ಆಡುವುದು ಹಿಂದಿ, ನೆರೆಯವರೊಡನೆ ಮರಾಠಿ. ಆದರೂ ತಿಂಗಳಿಗೊಮ್ಮೆ ಸಂಘದ ಸಭಾಗೃಹದಲ್ಲಿ ಕನ್ನಡದ ನೆಪದಲ್ಲಿ ಒಂದಾಗುತ್ತೇವೆ. ಮನೆಯೊಳಗೆ ಒಂದು ಭಾಷೆ, ಜಗಲಿಯಲ್ಲಿ ಇನ್ನೊಂದು, ಪೇಟೆಯಲ್ಲಿ ಮತ್ತೊಂದು. ಇದು ನಮ್ಮ ಕರಾವಳಿಯ ಹಳೆಯ ರೂಢಿ. ಎಳೆದುಕೊಳ್ಳುವುದು ಬೇಡ. ಆ ಸಂಘವನ್ನು ಕಟ್ಟಿದವರು ಮೊದಲು ಕೊಂಕಣಿಗರು, ಚಿತ್ರಾಪುರದವರು. ಅದನ್ನು ಮರೆತು ಪಾಲು ಕೇಳಿದರೆ ತಪ್ಪಾಗುತ್ತದೆ. ಆದರೆ ಅವರು ಬಂದದ್ದು ನಮ್ಮ ನೆಲದಿಂದ, ನಾವು ಬಂದ ಹಾಗೆಯೇ, ನೌಕರಿಯನ್ನು ಹುಡುಕಿಕೊಂಡು. ಅಷ್ಟು ಬಾಂಧವ್ಯ ಸಾಕು.

ಗಿರ್ಗಾಂವ್‌ನ ಗಲ್ಲಿಗಳಲ್ಲಿ

ಗಾಮದೇವಿಯಿಂದ ಆಪೇರಾ ಹೌಸಿನ ಕಡೆಗೆ ಹೊರಳಿದೆವು. ಈ ಪ್ರದೇಶದಲ್ಲಿ ಬಿ. ಆರ್. ದೇವಧರರ ಸಂಗೀತ ಶಾಲೆ ಇತ್ತು. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೋಂಕಳಿಮಠನೆಂಬ ಬಾಲಕ, ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ, ಆ ಶಾಲೆಗೆ ಬಂದು ಸೇರಿದ. ಅವನನ್ನೇ ದೇಶ ಮುಂದೆ ಕುಮಾರ ಗಂಧರ್ವನೆಂದು ತಲೆದೂಗಿ ಕೇಳಿತು. ಊರು ಬಿಟ್ಟು ಬಂದ ಆ ಹುಡುಗ ರಿಯಾಜು ಮುಗಿಸಿ ಸಂಜೆಗೆ ಇದೇ ಚೌಪಾಟಿಗೆ ನಡೆದು ಬರುತ್ತಿದ್ದಿರಬಹುದೇ ಎಂದು ಕಲ್ಪಿಸಿಕೊಳ್ಳುವುದು ನಮಗೆ ಹಿತವೆನಿಸಿತು.

ಗಿರ್ಗಾಂವ್ ಮುಂಬಯಿಯ ಮರಾಠಿ ಮಧ್ಯಮ ವರ್ಗದ ತವರು. ಇಲ್ಲಿಯ ಕೇಶವಜಿ ನಾಯಕ್ ಚಾಳಿನಲ್ಲಿ 1893ರಲ್ಲಿ ಮುಂಬಯಿಯ ಮೊದಲ ಸಾರ್ವಜನಿಕ ಗಣೇಶೋತ್ಸವ ನಡೆಯಿತು. ಇಲ್ಲಿಯ ಕಾರೊನೇಶನ್ ಚಿತ್ರಮಂದಿರದಲ್ಲಿ 1913ರ ಮೇ 3ರಂದು ಫಾಳ್ಕೆಯವರ 'ರಾಜಾ ಹರಿಶ್ಚಂದ್ರ' ತೆರೆ ಕಂಡಿತು; ಮೆಜೆಸ್ಟಿಕ್‌ನಲ್ಲಿ 1931ರ ಮಾರ್ಚ್ 14ರಂದು ಭಾರತದ ಮೊದಲ ಮಾತಿನ ಚಿತ್ರ 'ಆಲಂ ಆರಾ' ಮಾತನಾಡಿತು. ಆ ಎರಡು ಚಿತ್ರಮಂದಿರಗಳೂ ಈಗಿಲ್ಲ. ಖೋತಾಚಿವಾಡಿಯ ಮರದ ಜಗಲಿಯ ಮನೆಗಳು ಕೆಲವು ಉಳಿದಿವೆ, ಕೆಲವು ಅಳಿದಿವೆ. ಮುಂದೆ ಚೀರಾಬಜಾರದಲ್ಲಿ 'ಕರ್ನಾಟಕ ಪ್ರಿಂಟಿಂಗ್ ಪ್ರೆಸ್' ಎಂಬ ಮುದ್ರಣಾಲಯವಿತ್ತು. ಹಳೆಯ ಪುಸ್ತಕದ ಅಂಗಡಿಗಳಲ್ಲಿ ಕೈಗೆ ಸಿಗುವ ಎಷ್ಟೋ ವಿದ್ವತ್‌ಗ್ರಂಥಗಳ ಕೊನೆಯ ಪುಟದಲ್ಲಿ ಆ ಹೆಸರು, ಆ ವಿಳಾಸ ಅಚ್ಚಾಗಿರುವುದನ್ನು ವಾಚಕರು ನೋಡಿರಬಹುದು. ಬೇರೆಯವರ ಭಾಷೆಯ ಪುಸ್ತಕದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಕರ್ನಾಟಕ! ವಲಸೆ ಬಂದವರ ಇತಿಹಾಸ ಹೆಚ್ಚಾಗಿ ಇಂಥ ಮೂಲೆಗಳಲ್ಲೇ ಸಿಗುತ್ತದೆ.

ಗುಡ್ಡದ ಮೇಲಿನ ವಾಲ್ಕೇಶ್ವರ ಮತ್ತು ಬಾಣಗಂಗಾ ಇನ್ನೂ ಹಳೆಯ ಕತೆ ಹೇಳುತ್ತವೆ. ಮೂಲ ಗುಡಿ ಶಿಲಾಹಾರರ ಕಾಲದ್ದೆಂದು ಹೇಳುತ್ತಾರೆ. ಪೋರ್ತುಗೀಜರ ಕಾಲದಲ್ಲಿ ಅಳಿದುಹೋದ ಅದನ್ನು 1715ರಲ್ಲಿ ರಾಮಾ ಕಾಮತಿ ಎಂಬ ಸಾರಸ್ವತ ವರ್ತಕ ಮತ್ತೆ ಕಟ್ಟಿಸಿದ. ಕೆರೆಯ ದಂಡೆಯಲ್ಲಿ ಕಾಶೀಮಠದ ಶಾಖೆಯಿದೆ. ನಮ್ಮ ದಕ್ಷಿಣ ಕನ್ನಡದ ಗೌಡ ಸಾರಸ್ವತರು ಇಂದಿಗೂ ಅಲ್ಲಿಗೆ ನಡೆದುಕೊಳ್ಳುತ್ತಾರೆ. ಶಿಲಾಹಾರರು ಥಾಣೆಯಿಂದ ಆಳಿದರು. 1060ರ ಅಂಬರನಾಥದ ಗುಡಿ ಅವರದ್ದೇ. ಅವರು ಮೊದಲು ಮಳಖೇಡದ ರಾಷ್ಟ್ರಕೂಟರ ಸಾಮಂತರು. ಕಾನ್ಹೇರಿ ಗುಹೆಗಳ 9ನೆಯ ಶತಮಾನದ ಶಾಸನಗಳಲ್ಲಿ ಶಿಲಾಹಾರ ಅರಸರು ತಮ್ಮ ಒಡೆಯನೆಂದು ಹೇಳಿಕೊಂಡಿರುವುದು ಅಮೋಘವರ್ಷನನ್ನು. ಆತನೇ ನೃಪತುಂಗ, ಆತನ ಆಸ್ಥಾನದಲ್ಲೇ 'ಕವಿರಾಜಮಾರ್ಗ' ಹುಟ್ಟಿದ್ದು. ಆದರೆ ಈ ಒಂದು ಸಂಗತಿಯನ್ನು ಹಿಡಿದು ಮುಂಬಯಿ ನಮ್ಮದೆಂದು ಕೂಗುವವರ ಸಾಲಿಗೆ ನಾವು ಸೇರುವವರಲ್ಲ. ಸಾಮ್ರಾಜ್ಯಗಳು ಬಂದಂತೆ ಹೋಗುತ್ತವೆ. ಉಪ್ಪು ಕುದಿಸಿದ ಪಾತ್ರೆ, ಕಂತು ಕಟ್ಟಿದ ಮನೆ, ಅಚ್ಚು ಹಾಕಿದ ಪುಟ, ಇವು ಅದಕ್ಕಿಂತ ಗಟ್ಟಿಯಾದ ಸಾಕ್ಷಿ ಎಂದು ನಮಗನ್ನಿಸುತ್ತದೆ.

ಉಪ್ಪಿನ ಋಣ

ಕತ್ತಲಾಗುವ ಹೊತ್ತಿಗೆ ಮತ್ತೆ ಮರಳಿಗೆ ಬಂದೆವು. 1889ರಿಂದ ಇಲ್ಲಿ ನಿಂತಿರುವ ವಿಲ್ಸನ್ ಕಾಲೇಜಿನ ಕಲ್ಲಿನ ಗೋಡೆಯ ಮೇಲೆ ಕೊನೆಯ ಬಿಸಿಲಿತ್ತು. ತಿಂಡಿಯ ಅಂಗಡಿಗಳಲ್ಲಿ ದೀಪ ಹತ್ತಿತು. ಮಲಬಾರ್ ಹಿಲ್ಲಿನ ಕೆಳಗೆ ಸುರಂಗ ಕೊರೆದು 2024ರಲ್ಲಿ ತೆರೆದ ಕರಾವಳಿ ರಸ್ತೆಯಿಂದ ವಾಹನಗಳು ಹೊರಬಂದು ಹರಿಯುತ್ತಿದ್ದವು. 2025ರಿಂದ ಭೂಗತ ಮೆಟ್ರೋ ಗಿರ್ಗಾಂವ್‌ನಲ್ಲೂ ನಿಲ್ಲುತ್ತದೆ. ರಸ್ತೆಯ ಬದಿಯಲ್ಲಿ ತುಕಾರಾಮ್ ಓಂಬಳೆಯವರ ಸ್ಮಾರಕದ ಮುಂದೆ ಎಲ್ಲರೂ ಒಂದು ಕ್ಷಣ ನಿಂತೆವು. 2008ರ ನವೆಂಬರ್ 26ರ ನಡುರಾತ್ರಿ, ಕೈಯಲ್ಲಿ ಲಾಠಿ ಮಾತ್ರ ಇದ್ದ ಈ ಸಹಾಯಕ ಸಬ್ ಇನ್‌ಸ್ಪೆಕ್ಟರರು ಭಯೋತ್ಪಾದಕನ ಬಂದೂಕಿನ ನಳಿಗೆಯನ್ನೇ ಹಿಡಿದು, ಗುಂಡುಗಳನ್ನೆಲ್ಲ ತಮ್ಮ ಮೈಮೇಲೆ ತೆಗೆದುಕೊಂಡು ಅವನನ್ನು ಜೀವಂತ ಸೆರೆ ಹಿಡಿಸಿದರು. 2009ರಲ್ಲಿ ಅವರಿಗೆ ಮರಣೋತ್ತರವಾಗಿ ಅಶೋಕ ಚಕ್ರ ನೀಡಲಾಯಿತು. ಆ ರಾತ್ರಿ ಅವರು ಕಾಪಾಡಿದ್ದು ಯಾವ ಭಾಷೆಯವರನ್ನು ಎಂದು ಯಾರೂ ಕೇಳಲಿಲ್ಲ.

ಮರಳಿನ ಮೇಲೆ ಕುಳಿತಾಗ ಹುಡುಗಿ ಮತ್ತೆ ತನ್ನ ಪ್ರಶ್ನೆಗೆ ಬಂದಳು. "ಅಷ್ಟೆಲ್ಲ ಇದ್ದರೆ ಇಲ್ಲಿ ಎಲ್ಲೂ ಬರೆದೇ ಇಲ್ವಲ್ಲ ಅಪ್ಪಾ?" ನಾವು ಏನು ಹೇಳಬೇಕೆಂದು ಯೋಚಿಸುತ್ತಿರುವಾಗಲೇ, ಇಡೀ ದಿನ ಹೆಚ್ಚು ಮಾತನಾಡದಿದ್ದ ಕಲ್ಯಾಣದ ಹಿರಿಯರು, ಧಾರವಾಡದ ಕಡೆಯವರು, ಹೇಳಿದರು: "ಹಂಗಲ್ಲವ್ವಾ. ನಮ್ಮದೇನೈತಿ ಅಂತ ಕೇಳಬ್ಯಾಡ. ಇವರ ಉಪ್ಪು ನಾವು ಉಂಡೇವಿ. ನಮ್ಮಾಕಿ ಒಬ್ಬಾಕಿ ಇಲ್ಲೇ ಕುಂತು ಇವರಿಗೆ ಉಪ್ಪು ಮಾಡಿ ಕೊಟ್ಟಾಳ. ಉಪ್ಪಿನ ಋಣ ಎರಡೂ ಕಡೆ ಐತಿ. ಋಣ ಇದ್ದಲ್ಲಿ ಯಾರೂ ನೋಡಾಕ ಬಂದವರಲ್ಲ."

ಹುಡುಗಿ ಏನೂ ಹೇಳಲಿಲ್ಲ. ಎದ್ದು ನೀರಿನವರೆಗೆ ಹೋಗಿ, ಅಲೆ ಬಂದು ಪಾದ ತೋಯಿಸಿದ ಮೇಲೆ ಹಿಂದಿರುಗಿ ಬಂದಳು. ಅವಳಿಗೆ ಸಮಾಧಾನವಾಯಿತೋ ಇಲ್ಲವೋ ನಾವು ಕೇಳಲಿಲ್ಲ. ರಾತ್ರಿ ಗಾಡಿಯಲ್ಲಿ, ದಿವಾ ದಾಟುತ್ತಿರುವಾಗ, ನಿದ್ದೆಗಣ್ಣಿನಲ್ಲಿ ಕೇಳಿದಳು: "ತಲ್ಮಕಿ ಅನ್ನೋ ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯೋದು?" ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಅವಳಿಗೆ ಒತ್ತಕ್ಷರ ಇಂದಿಗೂ ಕಷ್ಟ. ನಾವು ಟಿಕೇಟಿನ ಹಿಂದೆ ಬರೆದು ತೋರಿಸಿದೆವು. ಅವಳು ಅದರ ಕೆಳಗೆ ತಾನೊಮ್ಮೆ ಬರೆದಳು; 'ಲ'ಕಾರಕ್ಕೆ ಮಕಾರದ ಒತ್ತು ಸರಿಯಾಗಿ ಬಿತ್ತು.

ವಾಚಕ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ಮುಂದಿನ ಸಲ ಊರಿನ ನೆಂಟರೊಡನೆ ಚೌಪಾಟಿಗೆ ಹೋದಾಗ ಭೇಲ್‌ಪುರಿ ಖಂಡಿತ ತಿನ್ನಿ. ಆದರೆ ಒಂದು ಗಂಟೆ ಮೊದಲೇ ಹೋಗಿ, ಮಕ್ಕಳನ್ನು ಗಾಮದೇವಿಯವರೆಗೆ ನಡೆಸಿಕೊಂಡು ಬನ್ನಿ. ಗಿರ್ಗಾಂವ್‌ನ ಹಳೆಯ ಚಾಳುಗಳು ಒಂದೊಂದಾಗಿ ನೆಲಕ್ಕುರುಳಿ ಗೋಪುರಗಳು ಏಳುತ್ತಿವೆ. ನಮ್ಮ ಡೊಂಬಿವಲಿಯಲ್ಲೂ ಹಾಗೆಯೇ. ಗೋಡೆಗಳು ಹೋದ ಮೇಲೆ ಹೇಳುವವರು ಬೇಕಾಗುತ್ತಾರೆ. ನಿಮ್ಮ ಮನೆಯ ಹಿರಿಯರಲ್ಲಿ ಯಾರಾದರೂ ಆ ಕಡೆ ಖೋಲಿಯಲ್ಲಿದ್ದು ನೌಕರಿ ಮಾಡಿದವರಿದ್ದರೆ, ಅವರಿಂದ ಕೇಳಿ, ಬರೆದು, ನಮ್ಮ ಈ ಪತ್ರಿಕೆಗೆ ಕಳುಹಿಸಿ. ತಾರೀಖು ಮಾತ್ರ ಮರೆಯದೆ ಹಾಕಿ.